ಕಾಕಾನಿಗೆ ಉಳಿದ ಒಂದೇ ಮಾತು

ವಕೀಲ ಕಾಕಾನ ಎಡ ಕಣತಲೆಯಲ್ಲಿ ಒಂದು ತಗ್ಗು ಬಿದ್ದಿತ್ತು. ಅವರ ಹೆಂಡತಿ ಕಾಕು ತಲೆಗೆ ಎಣ್ಣೆ ತಿಕ್ಕಿದರೆ ಒಂದಿಷ್ಟು ಅದರಲ್ಲೇ ನಿಲ್ಲುತ್ತಿತ್ತು. ಆಕೆ ಅದನ್ನು ಸೆರಗಿನ ತುದಿಯಿಂದ ಮೆಲ್ಲಗೆ ಒತ್ತಿ ತೆಗೆಯುತ್ತಿದ್ದಳು.

ಸಪ್ತಾಪುರದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಕಾಕಾ ಮಾತಿನ ಮಲ್ಲ. ಅವರ ವಾದಕ್ಕೆ ಬಿಳಿಯ ಸಾಹೇಬ ಜಡ್ಜನೂ ತಲೆದೂಗುತ್ತಿದ್ದನಂತೆ. ರುಮಾಲು ಸುತ್ತಿ ಕೋರ್ಟಿಗೆ ಹೊರಡುವ ಮುನ್ನ ಅಂದಿನ ವಾದವನ್ನೆಲ್ಲ ತುಳಸಿಕಟ್ಟೆಯ ಎದುರು ಮಾಡಿ ಮುಗಿಸುತ್ತಿದ್ದರು. ಗೋಡೆಯಾಚೆ ನಾನು ನಕ್ಕರೆ, "ನ್ಯಾಯಾಧೀಶರು ನಗಬಾರದವಾ, ಕೇಸು ಕೆಡತದ," ಎನ್ನುತ್ತಿದ್ದರು. ಹೆಣ್ಣುಹುಡುಗಿಯನ್ನು ಅಷ್ಟು ದೊಡ್ಡ ಹುದ್ದೆಗೆ ಏರಿಸಿದವರು ಅವರೊಬ್ಬರೇ.

ಕಕ್ಷಿದಾರರ ಕೆಲಸಕ್ಕೆ ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗುತ್ತಿದ್ದರು. ಹಾಗೆ ಹೋಗಿ ಬರುವಾಗ ಉಣಕಲ್ ಕೆರೆಯ ಹತ್ತಿರ ಟಾಂಗಾ ಮಗುಚಿ ತಲೆ ಕಲ್ಲಿಗೆ ಬಡಿಯಿತು. ಜೀವ ಉಳಿಯಿತು, ಮಾತು ಹೋಯಿತು. ಉಳಿದದ್ದು ಒಂದೇ ಶಬ್ದ: "ಚಂಪಾ". ನೀರು ಬೇಕಾದರೂ ಚಂಪಾ, ಹೊಟ್ಟೆ ನೊಂದರೂ ಚಂಪಾ, ಕಾಗೆ ಓಡಿಸಲಿಕ್ಕೂ ಚಂಪಾ. ಬೇರೇನೋ ಹೇಳಹೋಗಿ ಅದೇ ಹೊರಬಿದ್ದಾಗ ಅವರ ಕಣ್ಣಲ್ಲಿ ನೀರು ತುಂಬುತ್ತಿತ್ತು.

ಕಾಕುವಿನ ಹೆಸರು ರುಕ್ಮಿಣಿ. ಓಣಿಗೆ ಇಷ್ಟು ಸಾಕಾಯಿತು. ಕಾಕಾ ಹುಬ್ಬಳ್ಳಿಗೆ ಯಾಕೆ ಹೋಗುತ್ತಿದ್ದರೆಂಬುದು ಎಲ್ಲರಿಗೂ ಒಮ್ಮೆಲೇ ತಿಳಿದುಬಿಟ್ಟಿತು! ನಮ್ಮ ಅವ್ವ ಕೂಡ ಕಾಕುವಿನ ಮುಖ ನೋಡಿ ಮಾತಾಡುವುದನ್ನು ಬಿಟ್ಟಳು. ಕೊನೆಗೆ ಒಂದು ದಿನ ಕಾಕಾನ ಅಣ್ಣ ಬಂದು ಪಡಸಾಲೆಯಲ್ಲಿ ಕುಳಿತು ತೀರ್ಪು ಕೊಟ್ಟರು. ನಾವೂ ಅಲ್ಲೇ ಇದ್ದೆವು.

"ಹುಬ್ಬಳ್ಳ್ಯಾಗ ಆ ಹೆಸರಿನ ಹಾಡೋ ಹೆಂಗಸು ಒಬ್ಬಾಕಿ ಇದ್ದಾಳಂತ. ನಾಳಿ ಕರಕೊಂಡು ಬರ್ತೇನಿ. ಆಕೀನ್ನ ನೋಡಿದ್ರ ಇವಗ ಮಾತು ಬಂದ್ರೂ ಬರಬಹುದು."

ಭಾವನ ಎದುರು ಎಂದೂ ಬಾಯಿ ತೆರೆಯದ ಕಾಕು ಬಾಗಿಲ ಮರೆಯಿಂದ ಹೊರಗೆ ಬಂದಳು.

"ಯಾರನ್ನೂ ಹುಡುಕಬ್ಯಾಡ್ರಿ. ಚಂಪಾ ಅಂದ್ರ ನಾನ. ತವರುಮನ್ಯಾಗ ಹಂಗ ಕರೀತಿದ್ರು. ಯಾರೂ ಇಲ್ಲದಾಗ ಇವರೂ ಕರೀತಿದ್ರು."

ಇಷ್ಟು ಹೇಳಿ ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ಗಂಡ ಹೆಂಡತಿಯ ಹೆಸರು ಹಿಡಿದು ಕರೆಯದ ಕಾಲ ಅದು. ಬಾಗಿಲು ಹಾಕಿದ ಮೇಲಿನ ಮಾತನ್ನು ಊರ ಮುಂದೆ ಇಡುವುದಕ್ಕಿಂತ ಸುಳ್ಳು ಅಪವಾದವೇ ಆಕೆಗೆ ಹಗುರಾಗಿತ್ತು. ಅದನ್ನೂ ಹೇಳಿಸಿಬಿಟ್ಟ ನಮ್ಮ ಓಣಿಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಆಮೇಲೆ ಅವ್ವ ಸಮಾಧಾನ ಹೇಳಹೋದಳು. "ಅವರ ಬಾಯಾಗ ನಿಮ್ಮ ಹೆಸರಾದ್ರೂ ಉಳೀತಲ್ರಿ."

"ಕಾಗಿಗೂ ಅದ ಹೆಸರು, ನನಗೂ ಅದ ಹೆಸರು," ಎಂದಳು ಕಾಕು. "ನನ್ನನ್ನ ಕರೀತಾರೋ ಇಲ್ಲೋ, ಹೆಂಗ ಗೊತ್ತಾಗಬೇಕ್ರಿ?"

ಆದರೂ ಕಾಕು ಪ್ರತಿ ಕೂಗಿಗೂ ಎದ್ದು ಹೋಗುತ್ತಿದ್ದಳು, ಕಾಗೆಯ ಪಾಲಿನ ಕೂಗಿಗೂ.

ಮುಂದಿನ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಬಂದ ನೆಂಟರೆಲ್ಲ ಹೋದ ಮೇಲೂ ಎಷ್ಟೋ ದಿನ, ಸುಮ್ಮನಿದ್ದ ಆ ಮನೆಯ ಅಡಿಗೆಕೋಣೆಯಿಂದ ಕಾಕುವಿನ ದನಿ ನಮಗೆ ಕೇಳುತ್ತಿತ್ತು:

"ಬಂದೆರಿ, ಬಂದೆ."