ಸೈನಿಕ ಶಾಲೆಯ ನೋಟ್‌ಬುಕ್ಕಿನ ತಾರೀಖು

ಸದಫ್ ಬೀದರಿನ ಹೈಸ್ಕೂಲಿನಲ್ಲಿ ಆರು ವರ್ಷ ಭೌತಶಾಸ್ತ್ರ ಕಲಿಸಿದವಳು. ಗಂಡ ಮುಖ್ತಾರ್ ಜರ್ಮನಿಯವರ ಗ್ರೀನ್ ಕಾರ್ಡ್ ಸಿಕ್ಕಿ ಅಲ್ಲಿನ ಯೇನಾ ಊರಿಗೆ ಬಂದಾಗ ಅವಳೂ ಬಂದಳು. ಅವನಿಗೆ ಬಂದ ವಾರವೇ ಸಾಫ್ಟ್‌ವೇರ್ ಕೆಲಸ. ಇವಳಿಗೆ ಆರ್ಬೈಟ್ಸ್‌ಎರ್ಲೌಬ್ನಿಸ್, ಅಂದರೆ ಕೆಲಸ ಮಾಡುವ ಪರವಾನಗಿ, ಸಿಗಲು ಒಂದು ವರ್ಷ ಕಾಯಬೇಕಾಯಿತು. ಅಷ್ಟು ದಿನವೂ ಕಿಟಕಿಯ ಹತ್ತಿರ ಕೂತು ಹೋಗಿಬರುವ ಟ್ರಾಮ್ ನೋಡುತ್ತಿದ್ದಳು.

೨೦೦೨ರಲ್ಲಿ ಪರವಾನಗಿ ಬಂತು. ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಫ್ರಾವ್ ಲಿಂಡ್ನರ್, ಎಂದರೆ ಲಿಂಡ್ನರ್ ಮೇಡಂ, ಆಗ ಒಂದು ಪ್ರದರ್ಶನ ಸಿದ್ಧಮಾಡುತ್ತಿದ್ದರು. ತುರ್ಕಿಯ ಸುಲ್ತಾನರು ಸಾಮ್ರಾಜ್ಯ ಸುಧಾರಿಸಲು ಹೊರಟಾಗ ಹೊಸ ವಿಜ್ಞಾನವನ್ನು ಮೊದಮೊದಲು ಕಲಿಸಿದ್ದು ಸೈನಿಕ ಶಾಲೆಗಳಲ್ಲಿ. ಅಂಥ ಶಾಲೆಯ ವಿದ್ಯಾರ್ಥಿಯೊಬ್ಬನ ನೋಟ್‌ಬುಕ್ಕು ಅವರ ಕೈಸೇರಿತ್ತು. ಉರ್ದು ಓದುವ ಸದಫ್‌ಗೆ ಅದರ ಅರಬ್ಬಿ ಲಿಪಿ, ಅಂಕಿ ಗೊತ್ತು. ತುರ್ಕಿ ಭಾಷೆ ಬಾರದು. ಆದರೂ ಅವರು ಅವಳನ್ನು ಗುತ್ತಿಗೆಯ ಮೇಲೆ ಕೆಲಸಕ್ಕೆ ತೆಗೆದುಕೊಂಡರು. ಮಸೂರದ ಚಿತ್ರಗಳಂತೂ ತಾನೇ ಬೋರ್ಡಿನ ಮೇಲೆ ಬರೆದಂತಿದ್ದವು. ಪ್ರದರ್ಶನದ ಪುಸ್ತಿಕೆಗೆಂದು ಅವಕ್ಕೆ ವಿವರಣೆ ಬರೆದಳು. ಮೊದಲ ಪುಟದ ೧೩೦೦ನ್ನು ಹಿಜರಿ ವರ್ಷವೆಂದುಕೊಂಡು ೧೮೮೩ ಎಂದು ಹಾಕಿದಳು. ಪುಸ್ತಿಕೆ ಪ್ರೆಸ್ಸಿಗೆ ಹೋಯಿತು.

ಮಾರನೆಯ ದಿನ ಕೊತ್ತಂಬರಿ ತರಲು ತುರ್ಕಿಯವರ ಅಂಗಡಿಗೆ ಹೋದರೆ, ಗೋಡೆಯ ಕ್ಯಾಲೆಂಡರಿನಲ್ಲಿ 'ಮಾರ್ತ್' ಎಂದಿತ್ತು. ನೋಟ್‌ಬುಕ್ಕಿನ ಮೊದಲ ಪುಟದಲ್ಲೂ, ಅರಬ್ಬಿ ಲಿಪಿಯಲ್ಲಿ, ಅದೇ ಪದ! ಯಾರದೋ ಹೆಸರಿರಬೇಕೆಂದು ಬಿಟ್ಟಿದ್ದಳು.

"ಹಾಗೆಂದರೆ ಮಾರ್ಚ್ ತಿಂಗಳು," ಎಂದ ಅಂಗಡಿಯವನು.

ಸದಫ್ ಕೊತ್ತಂಬರಿಯನ್ನು ಅಲ್ಲೇ ಬಿಟ್ಟಳು. ಮೊಹರಂ, ರಂಜಾನ್‌ನಂಥ ತಿಂಗಳುಗಳ ಹಿಜರಿಯಲ್ಲಿ ಮಾರ್ಚ್ ಎಲ್ಲಿಂದ ಬರಬೇಕು? ಲೈಬ್ರರಿಗೆ ಓಡಿದಳು. ಸುಲ್ತಾನರ ಸರ್ಕಾರದಲ್ಲಿ ಸೂರ್ಯಮಾನದ ಬೇರೆಯೇ ವರ್ಷವೂ ನಡೆಯುತ್ತಿತ್ತು. ಅದರ ಪ್ರಕಾರ ೧೩೦೦ರ ಮಾರ್ಚ್ ಎಂದರೆ ೧೮೮೪.

ಮನೆಗೆ ಬಂದವಳ ಮುಖ ನೋಡಿ ಮುಖ್ತಾರ್ ನಕ್ಕ. "ಒಂದು ವರ್ಷದ ಫರಕಿಗೆ ಇಷ್ಟ್ಯಾಕ ಹೆದರ್ತಿ?"

"ಕೆಲಸಾ ಹೋದ್ರ ಮತ್ತ ಮನ್ಯಾಗ ಕೂಡಬೇಕಲ್ರೀ!"

"ಹಂಗಾರ ಈಗ ಫೋನ್ ಮಾಡು. ಅವರಾಗೇ ಹಿಡಿಯೂದಕ್ಕಿಂತ ನೀ ಹೇಳೂದು ಛಲೋ."

ಸದಫ್ ನಂಬರ್ ಒತ್ತಿದಳು. ಎಲ್ಲವನ್ನೂ ಕೇಳಿಸಿಕೊಂಡು ಫ್ರಾವ್ ಲಿಂಡ್ನರ್ ಪ್ರೆಸ್ಸಿನ ಕಾಗದ ತಿರುವಿ ನೋಡಿದರು.

"ಅಚ್ಚು ಶುರುವಾಗುವುದು ಸೋಮವಾರ. ಒಂದು ಅಂಕಿ ತಿದ್ದಿದರಾಯಿತು," ಎಂದರು. "ನಾನೂ ಓದಿ ಸಹಿ ಹಾಕಿದ್ದೆನಲ್ಲ, ನನ್ನ ಕಣ್ಣಿಗೂ ಬೀಳಲಿಲ್ಲ. ನೀವು ಹೇಳದಿದ್ದರೆ ಉದ್ಘಾಟನೆಯ ದಿನ ಇಬ್ಬರ ಮಾನವೂ ಹೋಗುತ್ತಿತ್ತು."

ಫೋನಿಟ್ಟ ಸದಫ್ ಅಡುಗೆಮನೆಯ ನೆಲದ ಮೇಲೇ ಕೂತುಬಿಟ್ಟಳು. ಅಳು, ನಗು ಎರಡೂ ಒಟ್ಟಿಗೇ ಬಂದವು. ಮುಖ್ತಾರ್ ಚಹಾ ಮಾಡಿಕೊಟ್ಟ.

ಬೇಸಿಗೆಯಲ್ಲಿ ಅವಳ ಗುತ್ತಿಗೆ ಇನ್ನೆರಡು ವರ್ಷ ಮುಂದುವರಿಯಿತು. ಪ್ರದರ್ಶನಕ್ಕೆ ಬಂದ ಶಾಲಾಮಕ್ಕಳಿಗೆ ಮಸೂರ ಹಿಡಿದು, ಎದುರಿನ ಚರ್ಚಿನ ಗೋಪುರವನ್ನು ಕಾಗದದ ಮೇಲೆ ತಲೆಕೆಳಗಾಗಿ ಮೂಡಿಸಿ ತೋರಿಸುತ್ತಿದ್ದಳು. ಅವಳ ಜರ್ಮನ್ ತಡವರಿಸುತ್ತಿತ್ತು, ಮಕ್ಕಳು ಮಾತ್ರ "ಇನ್ನೊಮ್ಮೆ!" ಎನ್ನುತ್ತಿದ್ದವು.