ಐಬು ಕೇಳುವ ದಲ್ಲಾಳಿ

ಅವರ ಎಡಗೈಯ ತೋರುಬೆರಳು ಅರ್ಧವೇ ಇತ್ತು. ಆ ಅರ್ಧ ಬೆರಳಿನ ತುದಿಯಿಂದಲೇ ಅವರು ಬಾಗಿಲು, ಕಿಟಕಿ, ಚೌಕಟ್ಟುಗಳನ್ನು ತಟ್ಟಿ ನೋಡುತ್ತಿದ್ದರು. ಮೊದಲು ಬಡಗಿಯಾಗಿದ್ದವರು. ಗರಗಸದ ಮಿಷನ್‌ಗೆ ಬೆರಳು ಹೋದ ಮೇಲೆ, ತಾವೇ ಬಾಗಿಲು ಕೂರಿಸಿದ್ದ ಮನೆಗಳನ್ನು ಮಾರಿಸಿಕೊಡುವ ಕೆಲಸ ಹಿಡಿದರು. ಶಿಕಾರಿಪುರದಲ್ಲಿ ಎಲ್ಲರಿಗೂ ಅವರು ದಲ್ಲಾಳಿ ಸಾಹೇಬರು.

ಅವರು ಹೋಟೆಲಿನಲ್ಲಿ ಚಹಾ ಕುಡಿದದ್ದನ್ನು ನಾನು ಕಂಡಿಲ್ಲ. ತಾವು ಮಾರಿಸಿಕೊಟ್ಟ ಮನೆಗಳಿಗೇ ಸರದಿಯಂತೆ ಹೋಗಿ ಕುಡಿಯುತ್ತಿದ್ದರು. ಜುಗ್ಗ ಎಂದು ನಾವು ಮೇಷ್ಟ್ರುಗಳು ಸ್ಟಾಫ್ ರೂಮಿನಲ್ಲಿ ಆಡಿಕೊಂಡು ನಗುತ್ತಿದ್ದೆವು.

ನಾನು ನಿವೃತ್ತನಾದ ವರ್ಷ ನಮ್ಮ ಮನೆ ಮಾರಬೇಕಾಯಿತು. ಹೆಂಡತಿಗೆ ಸೊರಬದ ಶಾಲೆಗೆ ವರ್ಗವಾಗಿತ್ತು. ಎರಡು ವರ್ಷ ಬಸ್ಸಿನಲ್ಲಿ ಓಡಾಡಿ ಅವಳ ಸೊಂಟ ಕೈಕೊಟ್ಟಿತ್ತು. ಸೊರಬದಲ್ಲಿ ಶಾಲೆಗೆ ನಡೆದೇ ಹೋಗುವಷ್ಟು ಹತ್ತಿರ ಒಂದು ಮನೆ ನೋಡಿದ್ದೆವು. ಅದರ ಮಾಲೀಕರು ಯುಗಾದಿಯವರೆಗೆ ಕಾಯುತ್ತೇನೆ, ಆಮೇಲೆ ನನ್ನನ್ನು ಕೇಳಬೇಡಿ ಎಂದಿದ್ದರು. ಇಲ್ಲಿಯದು ಮಾರದೆ ಅಲ್ಲಿಯದು ಕೊಳ್ಳುವ ಶಕ್ತಿ ನಮಗಿರಲಿಲ್ಲ.

ಇಬ್ಬರನ್ನು ಕರೆಸಿದೆ. ಮೊದಲು ಬಂದ ಬ್ರೋಕರ್ ಚಪ್ಪಲಿಯನ್ನೂ ಬಿಡದೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು, "ಹದಿನೈದು ದಿವ್ಸದಲ್ಲಿ ಮುಗಿಸ್ತೀನಿ ಸಾರ್" ಎಂದ. ಎರಡನೆಯವರು ಸಾಹೇಬರು. ಜಗುಲಿಯಲ್ಲಿ ಕೂತವರೇ, "ಮೇಷ್ಟ್ರೇ, ಮನಿದು ಐಬು ಏನೈತಿ ಹೇಳ್ರಿ" ಎಂದರು.

ಜೀವಮಾನವೆಲ್ಲ ಬೇರೆಯವರ ಮಕ್ಕಳ ತಪ್ಪು ತಿದ್ದಿದವನಿಗೆ, ನಿನ್ನ ಮನೆಯ ಕುಂದು ಹೇಳು ಎಂದರೆ ಹೇಗಾಗಬೇಡ! "ಐಬು ಅಂತ ಏನೂ ಇಲ್ಲ" ಎಂದೆ. ಅವರು ಮನೆಯೊಳಗೆ ಒಂದು ಸುತ್ತು ಬಂದರು. ಅಡುಗೆಮನೆಯ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ಬಗ್ಗಿ ನಿಂತರು. ಆಮೇಲೆ, "ಐಬಿಲ್ಲದ ಮನಿ ನಾ ಮಾರಂಗಿಲ್ರಿ, ಬ್ಯಾರೆಯವ್ರನ್ನ ನೋಡ್ರಿ" ಎಂದು ಹೊರಟೇಬಿಟ್ಟರು. ಕೊಟ್ಟ ಚಹಾವನ್ನು ಮುಟ್ಟಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಐಬು ಇತ್ತು. ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಮೂಲೆಯಲ್ಲಿ ನೆಲದಿಂದ ನೀರು ಜಿನುಗುತ್ತಿತ್ತು. ವಿಡಿಯೊ ಬ್ರೋಕರ್ ಆ ಕಲೆ ನೋಡಿ, "ಅಲ್ಲಿ ಫ್ರಿಜ್ ಇಟ್ಬಿಡಿ ಸಾರ್" ಎಂದ. ಇಟ್ಟೆ. ಎಷ್ಟೋ ಜನ ಬಂದು ನೋಡಿ ಹೋದರು. ಮುಂಗಡ ಕೊಡುತ್ತೇನೆಂದು ಬಂದ ಒಬ್ಬರು ಪಕ್ಕದ ಮನೆಯವರನ್ನು ಒಂದು ಮಾತು ಕೇಳಿಕೊಂಡು ಹಾಗೇ ಬಸ್ ಹತ್ತಿದರು. ಅಲ್ಲಿಂದ ಬರುವವರೇ ನಿಂತುಹೋದರು.

ಯುಗಾದಿಗೆ ಒಂದು ತಿಂಗಳೂ ಉಳಿದಿರಲಿಲ್ಲ. ಒಂದು ಸಂಜೆ ಸೊರಬದಿಂದ ಬಂದ ಹೆಂಡತಿ ಸೊಂಟ ಹಿಡಿದುಕೊಂಡು ಮೆಟ್ಟಿಲ ಮೇಲೇ ಕೂತಳು. "ಐಬು ಹೇಳಕ್ಕೆ ನಿಮಗೆ ನಾಚಿಕೆ ಆದ್ರೆ ನಾನೇ ಹೋಗಿ ಹೇಳ್ತೀನಿ" ಎಂದಳು. ನಾನೇ ಹೋದೆ.

ಸಾಹೇಬರು ಯಾರದೋ ಮನೆಯ ಜಗುಲಿಯಲ್ಲಿ ಚಹಾ ಕುಡಿಯುತ್ತಿದ್ದರು. ಪಕ್ಕದಲ್ಲಿ ಕೂತು ನೀರಿನ ವಿಷಯ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಅವತ್ತೇ ಗೊತ್ತಾತು ಬಿಡ್ರಿ. ಅಡಿಗಿಮನಿ ಕದದ ಬುಡ ಕೀಸಿಸೀರಿ. ಥಂಡಿ ಹಿಡದು ಉಬ್ಬಿದ್ರಷ್ಟೇ ಹಂಗ ಕೀಸ್ತಾರ."

"ಗೊತ್ತಿದ್ದ ಮೇಲೆ ನನ್ನ ಯಾಕೆ ಕೇಳಿದ್ರಿ?"

"ಮನಿ ಎಂಥದು ಅಂತ ಕದ ಹೇಳ್ತು. ನೀವು ಎಂಥೋರು ಅಂತ ನಂಗ ಗೊತ್ತಾಗಬೇಕಿತ್ತಲ್ರಿ."

ಅವರು ಒಂದೇ ಕರಾರು ಹಾಕಿದರು: ಕೊಳ್ಳುವವರು ಬಂದಾಗ, ಚಹಾ ಕೊಡುವ ಮೊದಲೇ, ಐಬನ್ನು ನಾನೇ ನನ್ನ ಬಾಯಿಂದ ಹೇಳಬೇಕು. ಅವರು ಮನೆ ಮಾರಿಸುತ್ತಿದ್ದ ರೀತಿಯೇ ಅದು.

ಮುಂದಿನ ವಾರ ಅಂಜನಾಪುರದಿಂದ ರೈತ ದಂಪತಿಯನ್ನು ಕರೆತಂದರು. ಕಾಲೇಜು ಓದುವ ಇಬ್ಬರು ಹೆಣ್ಣುಮಕ್ಕಳಿಗಾಗಿ ಪೇಟೆಯಲ್ಲಿ ಮನೆ ಹುಡುಕುತ್ತಿದ್ದವರು. ಫ್ರಿಜ್ ಸರಿಸಿ ಕಲೆ ತೋರಿಸಿದೆ. ಆ ಹೆಂಗಸು ಬಗ್ಗಿ ನೆಲ ಮುಟ್ಟಿ ನೋಡಿ ನಕ್ಕುಬಿಟ್ಟಳು. "ನಾವು ಡ್ಯಾಮಿನ ಕೆಳಗ ಇರೋರು ಕಣ್ರಿ. ಜಿನುಗು ಅಂದ್ರ ನಮಗ ಹೊಸಾದಾ? ಗೋಡಿ ಸುತ್ತ ಒಂದು ಕಾಲ್ವಿ ತೋಡ್ಸಿದ್ರ ಆತು."

ಬೆಲೆ ಒಂದಷ್ಟು ಇಳಿಯಿತು. ಯುಗಾದಿಗೆ ನಾಲ್ಕು ದಿನ ಮುಂಚೆ ರಿಜಿಸ್ಟರ್ ಆಯಿತು. ಈಗ ನನ್ನ ಹೆಂಡತಿ ಶಾಲೆಗೆ ನಡೆದೇ ಹೋಗುತ್ತಾಳೆ.

ಕಳೆದ ಮಳೆಗಾಲದಲ್ಲಿ ಆ ಹೆಂಗಸಿನ ಫೋನ್ ಬಂತು. ಹೆಸರು ನೋಡಿದ ಕೂಡಲೇ, ಜಗಳಕ್ಕೇ ಇರಬೇಕು ಎಂದುಕೊಂಡೆ. "ಮೇಷ್ಟ್ರೇ, ದಲ್ಲಾಳಿ ಸಾಹೇಬ್ರು ಬೆಳಿಗ್ಗೆ ತೀರಿಹೋದ್ರು. ಮೊನ್ನಿ ನಮ್ಮನಿಗೆ ಬಂದು ಚಾ ಕುಡದು ಹೋಗಿದ್ರು" ಎಂದಳು.

ಜೋರು ಮಳೆಯಿಂದ ಬಸ್ ತಡವಾಯಿತು. ನಾನು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅವರ ಮಗನಿಗೆ ಎರಡು ಮಾತು ಹೇಳಿ ವಾಪಸು ಬರುವಾಗ ದಾರಿಯಲ್ಲೇ ನಮ್ಮ ಹಳೆಯ ಮನೆ. ಮಾರಿದ ಮನೆಯ ಮುಂದೆ ಹಾದುಹೋಗಲು ಮುಜುಗರವಾಗಿ ಹಿಂದಿನ ಬೀದಿ ಹಿಡಿಯುವವರನ್ನು ನಾನು ಬಲ್ಲೆ. ಸಾಹೇಬರಿಗೆ ಆ ಬೀದಿ ಎಂದೂ ಬೇಕಾಗಿರಲಿಲ್ಲ; ನಾನೂ ಮನೆಯ ಮುಂದಿನಿಂದಲೇ ನಡೆದೆ. ಆ ಹೆಂಗಸು ಬಾಗಿಲಲ್ಲೇ ನಿಂತಿದ್ದಳು.

"ಬರ್ರಿ ಒಳಗ. ನೀವು ಹೇಳಿದ್ದ ಮೂಲ್ಯಾಗೇ ನೀರು ಬಂದೈತಿ ನೋಡ್ರಿ, ಕಾಲ್ವಿ ಇನ್ನೂ ತೋಡ್ಸಿಲ್ಲ" ಎಂದು ನಕ್ಕಳು. ಮೂಲೆಯಲ್ಲಿ ಗೋಣಿಚೀಲ ಹಾಸಿದ್ದರು. ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು, ಅವಳು ಕೊಟ್ಟ ಚಹಾ ಕುಡಿದೆ.