ಚಿಜುರು ಅವರ ಬಲ ಹೆಬ್ಬೆರಳಿನ ಅಳತೆ

ಮೊಚಿಜುಕಿ ಇವಾವೊ ರಿಮೋಟ್ ಕಾರು ಓಡಿಸಿದ್ದನ್ನು ನಾನು ಒಂದೇ ಸಲ ನೋಡಿದ್ದೇನೆ. ಮೊದಲ ತಿರುವಿನಲ್ಲೇ ಹುಲ್ಲಿಗೆ ನುಗ್ಗಿಸಿ, ರಿಮೋಟನ್ನು ಹೆಂಡತಿ ಚಿಜುರು ಅವರ ಕೈಗೆ ಕೊಟ್ಟು ಓಡಿಸುವ ಅಟ್ಟದಿಂದ ಕೆಳಗಿಳಿದು ಬಂದುಬಿಟ್ಟರು. ಆಮೇಲೆ ಹದಿನಾರು ವರ್ಷ, ಅವರು ಮಾಡುವುದು, ಚಿಜುರು ಓಡಿಸುವುದು ಎಂದೇ ಆಗಿಹೋಯಿತು.

ನಮ್ಮ ಟ್ರ್ಯಾಕು ಶಿಜುವೊಕಾದಲ್ಲಿ, ಅಬೆ ನದಿಯ ದಂಡೆಯ ಮೇಲಿದೆ. ಮೊಣಕಾಲೆತ್ತರವೂ ಇಲ್ಲದ ಕಾರುಗಳಿಗೆ ಹಾಸಿದ ಡಾಂಬರು. ಅದರ ಒಂದು ಬದಿಗೆ ಓಡಿಸುವವರು ಸಾಲಾಗಿ ನಿಲ್ಲುವ ಕಬ್ಬಿಣದ ಅಟ್ಟ. ಭಾನುವಾರ ಗಡಿಯಾರದ ಮುಂದೆ ಕೂತು, ಯಾರ ಕಾರು ಎಷ್ಟು ಸುತ್ತು ಮುಗಿಸಿತು ಎಂದು ಕೂಗುವವನು ನಾನು, ಕಿತಾಗಾವ.

ಇವಾವೊ ಪ್ಲಾಸ್ಟಿಕ್ ಆಟಿಕೆಗಳ ಅಚ್ಚು ಕೊರೆಯುವ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಇದ್ದವರು. ನಿವೃತ್ತಿಯಾದ ಮೇಲೆ ಶಿಮಿಜು ಊರಿನಲ್ಲಿದ್ದ ತಮ್ಮ ಮನೆಯಲ್ಲಿ, ಅಡುಗೆಮನೆಗೆ ಅಂಟಿಕೊಂಡ ಕೋಣೆಯಲ್ಲಿ, ಲೋಹ ಕಡೆಯುವ ಒಂದು ಪುಟ್ಟ ಲೇತು ಯಂತ್ರ ಇಟ್ಟುಕೊಂಡರು. ಅಂಗಡಿಯಲ್ಲಿ ಸಿಗುವ ಯಾವ ಭಾಗವೂ ಅವರಿಗೆ ಹಿಡಿಸುತ್ತಿರಲಿಲ್ಲ. ಚಕ್ರದ ಗುಂಬ, ಬ್ಯಾಟರಿ ಹಿಡಿದಿಡುವ ಪಟ್ಟಿ, ಅಕ್ಕಿಕಾಳಿನಷ್ಟು ದಪ್ಪದ ಬಿಲ್ಲೆ, ಎಲ್ಲವನ್ನೂ ತಾವೇ ಕಡೆದು, ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುವರು. ವೈರುಗಳ ವಿಷಯದಲ್ಲಂತೂ ಕೇಳಲೇಬೇಡಿ. ಅವರ ಕಾರಿನ ಮೇಲ್ಕವಚ ಎತ್ತಿದರೆ ಒಳಗೆ ಬಾಚಿ ಜಡೆ ಹಾಕಿದ ಹಾಗೆ ಇರುತ್ತಿತ್ತು. ಒಂದು ವೈರು ಇನ್ನೊಂದರ ಮೇಲೆ ಹಾಯುತ್ತಿರಲಿಲ್ಲ. ಬಾಗುವ ಕಡೆ ಎಲ್ಲವೂ ಒಟ್ಟಿಗೆ ಬಾಗುತ್ತಿದ್ದವು. ಮೇಣ ಹಚ್ಚಿದ ದಾರದ ಗಂಟುಗಳು ಒಂದೇ ಅಂತರದಲ್ಲಿ. ದೂರದ ನಾಗೋಯಾದಿಂದ ಓಟಕ್ಕೆ ಬಂದವರು ಸಹ ಮೊದಲು ಅವರ ಮೇಜಿಗೆ ಹೋಗಿ, "ಮೊಚಿಜುಕಿ-ಸಾನ್, ಒಂದ್ಸಲ ತೆಗೆದು ತೋರಿಸ್ತೀರಾ?" ಎಂದು ಕೇಳುತ್ತಿದ್ದರು. ಅವರು ತೋರಿಸುವರು. ಮಾತಾಡುತ್ತಿರಲಿಲ್ಲ.

ಮಾತು ಚಿಜುರು ಅವರದು. ಟ್ಯೂನಾ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿದ ಹೆಂಗಸು. ಯಂತ್ರದ ಗದ್ದಲದ ಮೇಲೆ ಕೂಗಿ ಕೂಗಿ ಗಂಟಲು ಗಟ್ಟಿಯಾಗಿತ್ತು. ಅಟ್ಟದ ಮೇಲೆ ನಿಂತು ಪಕ್ಕದವರನ್ನು ಕೆಣಕುತ್ತಲೇ ಗೆಲ್ಲುವರು.

"ಸುಗಿಯಾಮ, ನಿಮ್ ಕಾರಿಗೆ ಟೀ ಕುಡಿಸ್ಕೊಂಡು ಬಂದ್ರಾ? ನಿದ್ದೆ ಮಾಡ್ತಾ ಇದೆಯಲ್ರೀ!"

ಸುಗಿಯಾಮ ಬೆಟ್ಟದ ಮೇಲೆ ಚಹಾ ಬೆಳೆಯುವವನು. "ಅಕ್ಕಾ, ನಿಮ್ಮ ಯಜಮಾನ್ರನ್ನ ಒಂದು ವಾರ ನಮ್ಮನೆಗೆ ಕಳಿಸಿ, ಆಮೇಲೆ ನೋಡಿ," ಎನ್ನುತ್ತಿದ್ದ.

"ಕರ್ಕೊಂಡು ಹೋಗಿ. ಮಾತಾಡ್ಸೋಕಾದ್ರೆ ನನಗೂ ಹೇಳಿ."

ಚಿಜುರು ಅವರಿಗೆ ಅರವತ್ತೊಂದಾದ ವರ್ಷ, ಫೆಬ್ರವರಿಯ ಒಂದು ಬೆಳಿಗ್ಗೆ, ಕಿತ್ತಳೆ ಸುಲಿಯುತ್ತಾ ಕೂತಿದ್ದವರ ಕೈಯಿಂದ ಹಣ್ಣು ಜಾರಿತು. ತಲೆಯ ಬಲಭಾಗದಲ್ಲಿ ರಕ್ತನಾಳ ಕಟ್ಟಿಕೊಂಡಿತ್ತು. ಎಡಗೈ ಸತ್ತುಹೋಯಿತು, ಎಡಗಾಲು ಅರ್ಧ ಉಳಿಯಿತು. ನಾನು ಆಸ್ಪತ್ರೆಗೆ ಹೋದ ದಿನ ವೈದ್ಯರು ಇವಾವೊಗೆ ಹೇಳುತ್ತಿದ್ದರು: "ಕೈ ಒಂದೇ ಅಲ್ಲ. ಎಡಗಡೆ ಇರೋದೆಲ್ಲಾ ಇವರ ಗಮನಕ್ಕೆ ಬರಲ್ಲ. ಕಣ್ಣು ಸರಿ ಇದೆ, ತಲೆ ನೋಡಲ್ಲ. ಸ್ವಲ್ಪ ಸುಧಾರಿಸಬಹುದು, ಸುಧಾರಿಸದೇನೂ ಇರಬಹುದು."

ಇವಾವೊ ತಲೆಬಾಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಹೊರಗೆ ಬಂದು ನನಗೆ ಹೇಳಿದ್ದು ಇಷ್ಟೇ: "ವೇಗದ ಕೊಕ್ಕೆ ಎಡಗೈ ಬೆರಳಿಗಿರೋದು. ಅದನ್ನ ಬಲಗಡೆಗೆ ತಂದ್ರೆ ಆಗುತ್ತೆ."

ನಮ್ಮ ರಿಮೋಟುಗಳು ಹಾಗಿರುತ್ತವೆ. ಎಡಗೈಯಲ್ಲಿ ಹಿಡಿದು ತೋರುಬೆರಳಿನಿಂದ ಕೊಕ್ಕೆ ಎಳೆದು ವೇಗ ಕೊಡಬೇಕು, ಬಲಗೈಯಿಂದ ಪುಟ್ಟ ಚಕ್ರ ತಿರುಗಿಸಬೇಕು. ಇವಾವೊ ರಿಮೋಟನ್ನು ಬಿಚ್ಚಿದರು. ಸೊಂಟಕ್ಕೆ ಕಟ್ಟುವ ಒಂದು ಹಲಗೆ ಮಾಡಿ ಅದರ ಮೇಲೆ ಕೂರಿಸಿದರು. ಬಲ ಹೆಬ್ಬೆರಳಿಗೆ ಸಿಗುವ ಹಾಗೆ ಚಕ್ರದ ಪಕ್ಕದಲ್ಲೇ, ಒತ್ತಿದರೆ ವೇಗ ಕೊಡುವ ಒಂದು ಲಿವರು, ಅಂದರೆ ಸನ್ನೆ. ಮೊದಲನೆಯದು ಹಿತ್ತಾಳೆಯದು, ಭಾರವಾಯಿತು. ಎರಡನೆಯದು ಚುಚ್ಚಿತು. ಚಿಜುರು ಟಿವಿ ನೋಡುತ್ತಿರುವಾಗ ಪಕ್ಕದಲ್ಲಿ ಮಂಡಿಯೂರಿ ಕೂತು ಅವರ ಹೆಬ್ಬೆರಳನ್ನು ಅಳೆಯುವರು. ಬೆಳಿಗ್ಗೆ ಒಂದು ಅಳತೆ, ಸ್ನಾನ ಮಾಡಿದ ಮೇಲೆ ಒಂದು ಅಳತೆ. ಆಗಸ್ಟಿನಲ್ಲಿ ಬೇಸಿಗೆ ಮುಗಿಯುವ ಹೊತ್ತಿಗೆ ಏಳು ಸನ್ನೆಗಳಾಗಿದ್ದವು. ಏಳನೆಯದನ್ನು ನಾನು ಮುಟ್ಟಿ ನೋಡಿದೆ. ಅಲ್ಯೂಮಿನಿಯಂ ಎಂದು ಹೇಳಲಾಗದಷ್ಟು ನುಣುಪು. ನನ್ನ ಬೆರಳು ಅದರಲ್ಲಿ ಕೂರಲಿಲ್ಲ. ಇನ್ಯಾರದೂ ಕೂರುವಂತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಅವರನ್ನು ಟ್ರ್ಯಾಕಿಗೆ ಕರೆತಂದರು. ಅಟ್ಟದ ಏಳು ಮೆಟ್ಟಿಲು ಹತ್ತಲು ಹತ್ತು ನಿಮಿಷ ಬೇಕಾಯಿತು. ಸುಗಿಯಾಮ ಮತ್ತು ನಾನು ಹಿಂದೆ ಕೈ ಒಡ್ಡಿ ನಿಂತಿದ್ದೆವು.

"ಹಿಂದೆ ನಿಂತ್ಕೊಂಡು ಏನ್ ನೋಡ್ತಾ ಇದ್ದೀರಾ ಇಬ್ರೂ?" ಎಂದರು ಚಿಜುರು. ನಾವು ನಕ್ಕೆವು. ನಗಲು ಸಿಕ್ಕಿತಲ್ಲ ಎಂದು ಸ್ವಲ್ಪ ಹೆಚ್ಚಾಗಿಯೇ ನಕ್ಕೆವು.

ಕಾರು ಹೊರಟಿತು. ಎಡದಿಂದ ಬಲಕ್ಕೆ ಹೋಗುವ ನೇರ ದಾರಿಯಲ್ಲಿ ಹಳೆಯ ಚಿಜುರುವೇ. ಬಲ ತುದಿಯ ತಿರುವನ್ನು ಒಳಗಿನ ಅಂಚಿಗೆ ಉಜ್ಜಿದಂತೆ ತೆಗೆದುಕೊಂಡರು. ಇವಾವೊ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. ಕಾರು ತಿರುಗಿ ಎಡಕ್ಕೆ ಬರತೊಡಗಿತು. ನಮ್ಮ ಮುಂದೆ ಹಾದು, ಎಡ ತುದಿಯ ತಡೆಹಲಗೆಗೆ ನೇರವಾಗಿ ಹೋಗಿ ಬಡಿಯಿತು. ಚಿಜುರು ಇನ್ನೂ ಟ್ರ್ಯಾಕಿನ ನಡುವೆ ನೋಡುತ್ತಾ, ಹೆಬ್ಬೆರಳನ್ನು ಮೆತ್ತಗೆ ಒತ್ತಿಕೊಂಡೇ ಇದ್ದರು.

"ಎಲ್ಲೋಯ್ತು?" ಎಂದರು.

ಹಲಗೆಗೆ ಮೂಗು ಒತ್ತಿಕೊಂಡು ಕಾರಿನ ಚಕ್ರಗಳು ತಿರುಗುವ ಸದ್ದು ಮಾತ್ರ.

"ಎಡಗಡೆ," ಎಂದರು ಇವಾವೊ.

"ಎಲ್ಲಿ?"

ಅವರು ಹೆಂಡತಿಯ ಗಲ್ಲ ಹಿಡಿದು ಮುಖವನ್ನು ನಿಧಾನವಾಗಿ ತಿರುಗಿಸಿದರು.

ಆ ಮಧ್ಯಾಹ್ನ ಊಟಕ್ಕೆ ಕೂತೆವು. ಕಪ್ಪು ಸಾರಿನಲ್ಲಿ ಬೆಂದ ಮೂಲಂಗಿ, ಮೀನಿನ ಉಂಡೆ, ಮೊಟ್ಟೆ. ಚಿಜುರು ತಟ್ಟೆಯ ಬಲ ಅರ್ಧ ತಿಂದು ಊಟದ ಕಡ್ಡಿ ಕೆಳಗಿಟ್ಟರು. ಎಡಗಡೆ ಮೊಟ್ಟೆ ಹಾಗೇ ಇತ್ತು. ಇವಾವೊ ಏನೂ ಹೇಳದೆ ಕೈ ಚಾಚಿ ತಟ್ಟೆಯನ್ನು ಅರ್ಧ ತಿರುಗಿಸಿದರು. "ಓ, ಮೊಟ್ಟೆ," ಎಂದು ಚಿಜುರು ಮತ್ತೆ ಕಡ್ಡಿ ಎತ್ತಿಕೊಂಡರು. ಅವರಿಬ್ಬರಿಗೂ ಅದು ಅಭ್ಯಾಸವಾಗಿಹೋಗಿತ್ತು. ವೈದ್ಯರ ಮಾತು ಗಂಡನ ತಲೆಗೆ ಹೋಗಿಲ್ಲವೇನೋ ಎಂದು ನಾನು ಅದುವರೆಗೆ ಅಂದುಕೊಂಡಿದ್ದೆ. ಎಲ್ಲ ಗೊತ್ತಿತ್ತು.

ಮುಂದಿನ ವಾರ ಇವಾವೊ ನನ್ನ ಹತ್ತಿರ ಬಂದು ಟೋಪಿ ತೆಗೆದು ಬಾಗಿದರು. ಹೆಂಡತಿಯನ್ನು ಅಟ್ಟದ ಎಡ ತುದಿಯಲ್ಲಿ ನಿಲ್ಲಿಸಬಹುದೇ, ಆಗ ಇಡೀ ಟ್ರ್ಯಾಕು ಅವರ ಬಲಕ್ಕೆ ಬರುತ್ತದೆ ಎಂದರು. ನಿಲ್ಲಿಸಿದೆವು. ಕಾರನ್ನು ಹಿಂಬಾಲಿಸಿ ಮುಖ ಬಲಕ್ಕೆ ತಿರುಗಿದ ಕೂಡಲೇ ಅವರ ಗಮನಕ್ಕೆ ಬಾರದ ಎಡವೂ ಜೊತೆಗೇ ತಿರುಗಿತು. ಕಾರು ವಾಪಸು ಬರುವಾಗ ಮತ್ತೆ ಕಳೆದುಹೋಯಿತು. ಆಮೇಲೆ, ಒಂದು ಭಾನುವಾರದ ಮಟ್ಟಿಗೆ ಎಲ್ಲರೂ ಉಲ್ಟಾ ದಿಕ್ಕಿನಲ್ಲಿ ಓಡಿಸಬಹುದೇ ಎಂದು ಕೇಳಿದರು.

ಸುಗಿಯಾಮ ನನ್ನನ್ನು ಪಕ್ಕಕ್ಕೆ ಎಳೆದ. "ಸುತ್ತು ಅಂದ್ಮೇಲೆ ಬಲಕ್ಕೆ ಎಷ್ಟು ಹೋಗ್ತೀವೋ ಅಷ್ಟೇ ಎಡಕ್ಕೆ ಬರ್ಬೇಕಲ್ವಾ? ಯಾವ ಕಡೆಯಿಂದ ಸುತ್ತಿದ್ರೇನು? ಅವರಿಗೆ ಇದು ಹೊಳೀಲಿಲ್ವಾ?"

"ಹೊಳೆದಿರುತ್ತೆ."

"ಮತ್ತೆ?"

"ನೀನು ಹೋಗಿ ಹೇಳ್ತೀಯಾ?"

ಹದಿನೆಂಟು ಜನ ಎದುರಾಡದೆ ಉಲ್ಟಾ ಓಡಿಸಿದರು. ಚಿಜುರು ಐದು ನಿಮಿಷದಲ್ಲಿ ಎರಡು ಸುತ್ತು ಮುಗಿಸಿದರು. ಪಕ್ಕದವರು "ಈಗ ಎಡಕ್ಕೆ, ಇನ್ನೂ ಎಡಕ್ಕೆ" ಎಂದು ಹೇಳಿಕೊಡುತ್ತಿದ್ದರು. ಯಾರನ್ನೂ ಅವರು ಕೆಣಕಲಿಲ್ಲ. ಅಂಕಿಗಳನ್ನು ಕೂಗುವುದು ನನ್ನ ಕೆಲಸ. ಆ ಎರಡನ್ನು ನಾನು ಕೂಗಲಿಲ್ಲ.

ಓಟ ಮುಗಿದ ಮೇಲೆ ಇವಾವೊ ಮೇಜಿನ ಮೇಲೆ ಕಾರಿಟ್ಟು ತೆರೆದರು. ಹಲಗೆಗೆ ಬಡಿದೂ ಬಡಿದೂ ಒಂದು ಬೆಸುಗೆ ಸಡಿಲವಾಗಿತ್ತು. ಕಾಯಿಸಿ ಮುಟ್ಟಿಸುತ್ತಾ, "ಕಾರಿನ ಎಡಗಡೆ ಒಂದು ಸಣ್ಣ ಗಂಟೆ ಕಟ್ತೀನಿ," ಎಂದರು. "ಹತ್ತಿರ ಬಂದಾಗ ಸದ್ದು ಮಾಡೋ ಹಾಗೆ. ಕಿವಿ ಚೆನ್ನಾಗಿದೆಯಲ್ಲ. ಮುಂದಿನ ಭಾನುವಾರದೊಳಗೆ ಆಗುತ್ತೆ."

"ರೀ," ಎಂದರು ಚಿಜುರು.

ಅವರು ತಲೆ ಎತ್ತಲಿಲ್ಲ.

"ರೀ, ನಿಲ್ಸಿ."

"ಇದೊಂದು ವೈರು ಅಷ್ಟೇ."

"ನಂಗೆ ಏನ್ ಕಾಣುತ್ತೆ ಅಂತ ಒಂದ್ಸಲಾನೂ ಕೇಳ್ಲಿಲ್ಲ ನೀವು. ಅಲ್ಲಿ ಕತ್ತಲೆ ಇದೆ ಅಂತ ಅಂದ್ಕೊಂಡಿದ್ದೀರಾ? ಕತ್ತಲೆ ಇದ್ದಿದ್ರೆ ಗೊತ್ತಾಗ್ತಿತ್ತು, ಅಲ್ಲೇನೋ ಇದೆ ಅಂತ. ಏನೂ ಇಲ್ಲ. ಇಲ್ಲ ಅನ್ನೋದೂ ಗೊತ್ತಾಗಲ್ಲ. ನೀವು ಆ ಕಡೆ ಕೂತಿದ್ರೆ ನೀವೂ ಇಲ್ಲ." ಅವರು ದನಿ ಏರಿಸಲಿಲ್ಲ. "ಮಾಡಿದ್ದೆಲ್ಲಾ ಚೆನ್ನಾಗಿದೆ. ಎಷ್ಟು ಚೆನ್ನಾಗಿದೆ ಅಂದ್ರೆ, ಬೇಡ ಅಂತ ಹೇಳೋಕೆ ಆರು ತಿಂಗಳು ನಾಲಿಗೆ ಏಳ್ಲಿಲ್ಲ. ಪ್ರತಿ ಸಲ ಅದನ್ನ ಕಟ್ಕೊಂಡು ನಿಂತಾಗ, ತಪ್ಪು ನಂದೇ ಅನ್ಸುತ್ತೆ. ಮಾಡಿರೋದ್ರಲ್ಲಿ ಒಂದೂ ತಪ್ಪಿಲ್ಲವಲ್ಲ."

ಇವಾವೊ ಬೆಸುಗೆ ಮುಗಿಸಿದರು. ಊದಿ ಆರಿಸಿದರು. ವೈರನ್ನು ಜಾಗದಲ್ಲಿ ಒತ್ತಿ, ದಾರದಿಂದ ಗಂಟು ಹಾಕಿ, ತುದಿ ಕತ್ತರಿಸಿದರು. ಮೇಲ್ಕವಚ ಮುಚ್ಚಿದರು. ಆಮೇಲೆ ಕೈಗಳನ್ನು ಎಲ್ಲಿಡಬೇಕೋ ತಿಳಿಯದವರಂತೆ ತೊಡೆಯ ಮೇಲಿಟ್ಟುಕೊಂಡು ಕೂತರು.

"ಸರಿ," ಎಂದರು.

ಮತ್ತೆ ಅವರಿಬ್ಬರೂ ಟ್ರ್ಯಾಕಿಗೆ ಬರಲಿಲ್ಲ. ಹೊಸವರ್ಷಕ್ಕೆ ಅಕ್ಕಿಯುಂಡೆ ತೆಗೆದುಕೊಂಡು ನಾನು ಮನೆಗೆ ಹೋದೆ. ಚಿಜುರು ಮಲಗಿದ್ದರು. ಪಕ್ಕದ ಕೋಣೆಯಲ್ಲಿ ಇವಾವೊ ಕಾರಿನ ವೈರುಗಳನ್ನೆಲ್ಲ ಕಿತ್ತು ಹೊಸದಾಗಿ ಹಾಕುತ್ತಿದ್ದರು. ಮೊದಲು ಇದ್ದುದರಲ್ಲಿ ನನಗೆ ಯಾವ ದೋಷವೂ ಕಂಡಿರಲಿಲ್ಲ.

"ಯಾರಿಗೆ ಇದು?" ಎಂದು ಕೇಳಿದೆ.

"ಯಾರಿಗೂ ಅಲ್ಲ. ಬೆಳಿಗ್ಗೆ ಆಗುತ್ತಲ್ಲ, ಆಮೇಲೆ ಏನಾದ್ರೂ ಮಾಡ್ಬೇಕಲ್ಲ."

ಮಾರ್ಚಿನಲ್ಲಿ ಚಿಜುರು ಅವರಿಗೆ ಮತ್ತೊಮ್ಮೆ ಪಾರ್ಶ್ವವಾಯು ಬಡಿಯಿತು. ಈ ಸಲ ಮಾತೂ ಹೋಯಿತು. ಬೆಟ್ಟದ ಇಳಿಜಾರಿನ ಆರೈಕೆ ಮನೆಯೊಂದರಲ್ಲಿ ಅವರನ್ನು ಇರಿಸಿದ್ದಾರೆ. ಇವಾವೊ ದಿನಾ ಮಧ್ಯಾಹ್ನದ ಬಸ್ಸಿಗೆ ಹೋಗುತ್ತಾರೆ. ಲೇತನ್ನು ಹಳೆಯ ಕಾರ್ಖಾನೆಯವರೊಬ್ಬರು ಬಂದು ಒಯ್ದರಂತೆ.

ಜೂನಿನಲ್ಲಿ ಒಂದು ದಿನ ನಾನೂ ಜೊತೆಗೆ ಹೋದೆ. ಮಂಚದ ಪಕ್ಕ, ಚಿಜುರು ಅವರ ಬಲಕ್ಕೆ ಒಂದೇ ಕುರ್ಚಿ, ಅದು ಇವಾವೊ ಅವರದು. ನಾನು ಅವರ ಹಿಂದೆ ನಿಂತೆ. ಚಿಜುರು ಅವರ ಕಣ್ಣು ತೆರೆದಿತ್ತು. ನಮ್ಮನ್ನು ನೋಡಿದರೋ ಹಿಂದಿನ ಗೋಡೆಯನ್ನು ನೋಡಿದರೋ ಹೇಳಲಾರೆ. ಸುಗಿಯಾಮನ ಮಗಳ ಮದುವೆ, ಟ್ರ್ಯಾಕಿಗೆ ಹಾಕಿದ ಹೊಸ ಡಾಂಬರು, ಏನೇನೋ ಹೇಳಿದೆ. ಇವಾವೊ ಒಂದು ಬಟ್ಟೆ ಒದ್ದೆ ಮಾಡಿ ಅವರ ಬಾಯಿಯ ಅಂಚು ಒರೆಸಿದರು.

ಹೊರಗೆ ಬಸ್ ನಿಲ್ದಾಣದಲ್ಲಿ ಬೆಂಚು ಬಿಸಿಲಿಗೆ ಕಾದಿತ್ತು.

"ನಾನು ಬಂದಿದ್ದು ಗೊತ್ತಾಗುತ್ತೆ ಅಂತೀರಾ?" ಎಂದು ಇವಾವೊ ಕೇಳಿದರು.

ಗೊತ್ತಾಗುತ್ತೆ ಎನ್ನಬಹುದಿತ್ತು. "ಗೊತ್ತಿಲ್ಲ, ಮೊಚಿಜುಕಿ-ಸಾನ್," ಎಂದೆ.

ಅವರು ತಲೆಯಾಡಿಸಿದರು. ಎದ್ದು ಕಂಬದ ಮೇಲಿನ ವೇಳಾಪಟ್ಟಿಯನ್ನು ಹತ್ತಿರ ಹೋಗಿ ಓದಿ, "ಇನ್ನೂ ನಲವತ್ತು ನಿಮಿಷ," ಎಂದು ವಾಪಸು ಬಂದು ಕೂತರು.